ಬೆಂಗಳೂರಿನ ಬಡಗಣದಲ್ಲಿ ಆಂಗಿಕಶಿಕ್ಷಣ

ಧ್ವನಿವರ್ಧಕವಿನ್ನೂ ಬಾರದಿದ್ದ ಕಾಲದಲ್ಲಿ, ಹಿಂದಿನ ಸಾಲಿನ ಪ್ರೇಕ್ಷಕನ ಕಿವಿಗೂ ಪದ್ಯದ ಕೊನೆಯ ಅಕ್ಷರವನ್ನು ಮುಟ್ಟಿಸಬೇಕಾಗಿದ್ದ ನಮ್ಮ ಕಂಪನಿ ನಾಟಕಗಳ ನಟನಿಗೆ ಕಂಠವೇ ಪ್ರಾಣವಾದುದು ಸಹಜ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘದಂಥ ಮಂಡಲಿಗಳನ್ನು ಬಾಲ್ಯದಲ್ಲಿಯೇ ಸೇರಿದವರು ಹಾಡನ್ನು ಪಾಠವಾಗಿ ಕಲಿತರು. ನಿಲುವು, ನಡೆ, ನೋಟಗಳನ್ನು ಮಾತ್ರ ಹಿರಿಯರ ಅಭಿನಯವನ್ನು ನೋಡಿ ನೋಡಿ ಗ್ರಹಿಸಿದರು. ಆ ರೀತಿಯಿಂದ ಮಹಾನಟರು ಮೂಡಿಬಂದುದು ನಿಜ. ಆದರೂ ದೇಹದ ಆಂಗಿಕಾಭಿನಯವನ್ನು ಮಾತಿನ ವಾಚಿಕಕ್ಕಿಂತ ಮೊದಲೇ ವಿಸ್ತರಿಸಿ, ಶಿರಸ್ಸಿಗೆ 13 ಚಲನೆಗಳನ್ನೂ, ರಸಕ್ಕೆ 8, ಸ್ಥಾಯಿಭಾವಕ್ಕೆ 8, ಸಂಚಾರಿಭಾವಕ್ಕೆ 20 ಎಂದು 36 ದೃಷ್ಟಿಗಳನ್ನೂ ನಾಟ್ಯಶಾಸ್ತ್ರವು ಎಣಿಸಿಟ್ಟಿರುವ ದೇಶದಲ್ಲಿ ನಟನ ದೇಹಕ್ಕೊಂದು ಕ್ರಮಬದ್ಧ ಪಾಠವಿಲ್ಲದೆ ಹೋದುದು ದೊಡ್ಡ ಕೊರತೆಯೇ ಸರಿ.

ಈ ಆಂಗಿಕದ ಒಂದು ರೂಪವಾದ ಮೂಕಾಭಿನಯವು ನಿಜವಾಗಿ ಉಳಿದುಕೊಂಡುದು ಯಕ್ಷಗಾನದಲ್ಲಿ: ಭಾಗವತನು ಪದ್ಯವನ್ನು ಹಾಡುವಷ್ಟು ಹೊತ್ತೂ ವೇಷಧಾರಿಯು ತುಟಿಬಿಚ್ಚದೆ ಅಂಗಾಂಗಗಳಿಂದಲೇ ಅರ್ಥವನ್ನು ತೋರಬೇಕು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು ಈ ಪರಂಪರಾಗತ ವಿದ್ಯೆಯೊಡನೆಯೇ ದೆಹಲಿಗೆ ತೆರಳಿ, ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಸ್ಥಾಪಿಸಿದರು. ಶಂಭು ಮಹಾರಾಜರಲ್ಲಿ ಕಥಕ್ ಕಲಿತು, ಸೋವಿಯತ್ ದೇಶದಲ್ಲಿ ನೃತ್ಯಸಂಯೋಜನೆಯ ಶಾಸ್ತ್ರವನ್ನು ಅರಿತು, 1964ರಲ್ಲಿ ದೆಹಲಿಯಲ್ಲಿ ಸಂಸ್ಥೆ ಕಟ್ಟಿದ್ದ ಮಾಯಾ ರಾವ್ ಅವರು 1987ರಲ್ಲಿ ಅದರೊಡನೆ, ಬೆಂಗಳೂರಿನಲ್ಲಿ ಯಶವಂತಪುರದ ನೆರೆಯ ತಮ್ಮ ಹುಟ್ಟೂರಾದ ಮಲ್ಲೇಶ್ವರಕ್ಕೆ ಮರಳಿದರು. ರಂಗಶಿಕ್ಷಣದ ಕಡೆ ನೋಡಿದರೆ, ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾಗಿ ಆಗ ಏಳು ವರ್ಷ. ಮೈಸೂರಿನ ರಂಗಾಯಣವೆಂಬ ರಂಗಸಂಸ್ಥೆಗೆ ಇನ್ನೆರಡು ವರ್ಷ ಕಾಯಬೇಕಾಗಿತ್ತು.

1990ರಲ್ಲಿ ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿಯವರು ಬೆಂಗಳೂರು ಉತ್ತರ ತಾಲ್ಲೂಕಿನ ಹೆಸರಘಟ್ಟದ ಬಳಿ ತೆರೆದ ನೃತ್ಯಗ್ರಾಮವು ಒಡಿಸ್ಸಿಯ ಗುರುಕುಲ, ನಾಟಕಶಾಲೆಯಲ್ಲ. ಆದರೂ ದೇಹವನ್ನು ಹದಗೊಳಿಸಲು ವರ್ಷಾನುಗಟ್ಟಲೆಯ ಸಹವಾಸ ಬೇಕೆಂಬುದನ್ನು ಅದು ತೋರಿಸಿದಷ್ಟು ಸ್ಪಷ್ಟವಾಗಿ ಈ ಪ್ರಾಂತದಲ್ಲಿ ಬೇರಾವುದೂ ತೋರಿಸಲಿಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿನ ಶಿಷ್ಯರ ದಿನಚರಿಯಲ್ಲಿ ವ್ಯಾಯಾಮ, ಯೋಗಗಳಿಗೂ ನೃತ್ಯದಷ್ಟೇ ಗೌರವವುಂಟು. ಒಡಿಸ್ಸಿಯ ಮೂಲಭಂಗಿಗಳಾದ ಚೌಕ, ತ್ರಿಭಂಗಗಳ ನಿಲುವು ಆ ಕಠಿನ ಸಾಧನೆಯ ಮೇಲೆಯೇ ನಿಂತಿದೆ. ಹೀಗಿರುವಾಗ ಹತ್ತು ದಿನಗಳ ಶಿಬಿರದಲ್ಲಿ ರಂಗವಿದ್ಯಾರ್ಥಿಗೆ ಅಭಿನಯದ ಪರಿಚಯವಾಗಬಹುದು, ಅಭ್ಯಾಸವಾಗದು. 1998ರಲ್ಲಿ ಹಿಮಾಲಯದ ಭೂಕುಸಿತದಲ್ಲಿ ಪ್ರೊತಿಮಾ ತೀರಿಕೊಂಡ ಬಳಿಕವೂ ಗುರುಕುಲ ನಿಲ್ಲಲಿಲ್ಲ: ರಂಗಭೂಮಿಯಿಂದ ಬಂದಿದ್ದ ಲಿನ್ ಫರ್ನಾಂಡಿಸ್ ಆಡಳಿತದ ಹೊಣೆಯನ್ನು ಹೊತ್ತರು, ಅಲ್ಲಿಯೇ ಶಿಷ್ಯೆಯಾಗಿ ಬೆಳೆದ ಸುರೂಪಾ ಸೇನ್ ಕಲಾನಿರ್ದೇಶನವನ್ನು ವಹಿಸಿಕೊಂಡರು.