ಶ್ರವಣ ಸಾಧನಗಳ ಕಿರು ಬ್ಯಾಟರಿಗಳು: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಬ್ಯಾಟರಿ ಮುಗಿದ ಕ್ಷಣದಿಂದ ಶ್ರವಣ ಸಾಧನವು ನಿರುಪಯುಕ್ತವಾಗುತ್ತದೆ. ಆದುದರಿಂದ ಸಾಧನಕ್ಕೆ ಅರ್ಜಿ ಸಲ್ಲಿಸುವವರು ಅದರ ಬ್ಯಾಟರಿಯ ವಿಧವನ್ನೂ ತಿಳಿದಿರುವುದು ಅಗತ್ಯ.

1. ಬ್ಯಾಟರಿಯ ವಿಧಗಳು

ಅ) ಸತು-ವಾಯು ಗುಂಡಿ ಬ್ಯಾಟರಿ (1.4 ವೋಲ್ಟ್): ಅಂಟುಪಟ್ಟಿ ತೆಗೆದ ನಂತರ ಗಾಳಿಯ ಆಮ್ಲಜನಕವು ಸತುವಿನೊಡನೆ ವರ್ತಿಸಿ ವಿದ್ಯುತ್ ಉತ್ಪತ್ತಿಯಾಗುತ್ತದೆ. ಪಟ್ಟಿಯನ್ನು ಮರಳಿ ಅಂಟಿಸಿದರೂ ಬ್ಯಾಟರಿಯು ಮೊದಲಿನ ಸ್ಥಿತಿಗೆ ಬಾರದು. ಮತ್ತೆ ಚಾರ್ಜ್ ಮಾಡಲು ಬರುವುದಿಲ್ಲ. ಅಳತೆಯನ್ನು ಪಟ್ಟಿಯ ಬಣ್ಣದಿಂದ ಗುರುತಿಸಬಹುದು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ.

ಆ) ಪುನಃ ಚಾರ್ಜ್ ಮಾಡಬಹುದಾದ ಬ್ಯಾಟರಿ: ಮೊದಲಿಗೆ ನಿಕಲ್ ಆಧಾರಿತ 1.2 ವೋಲ್ಟ್ ಬ್ಯಾಟರಿಗಳು ಬಳಕೆಯಲ್ಲಿದ್ದವು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯು ಸುಮಾರು 3.7 ವೋಲ್ಟ್ ನೀಡುತ್ತದೆ. ಬ್ಯಾಟರಿ ಕಿರಿದಾದಷ್ಟೂ ಹೊರಕವಚವೇ ಹೆಚ್ಚಿನ ಸ್ಥಳವನ್ನು ಆಕ್ರಮಿಸುವುದರಿಂದ ಕಿವಿಯ ಸಾಧನಕ್ಕೆ ಇದನ್ನು ಅಳವಡಿಸಲು ದೀರ್ಘಕಾಲ ಹಿಡಿಯಿತು. ಸಾಮಾನ್ಯವಾಗಿ ರಾತ್ರಿ ಚಾರ್ಜ್ ಮಾಡಿದಲ್ಲಿ ಹಗಲಿನ ಬಳಕೆಗೆ ಸಾಕಾಗುತ್ತದೆ. ವರ್ಷಗಳು ಕಳೆದಂತೆ ಸಾಮರ್ಥ್ಯವು ಕುಗ್ಗುತ್ತದೆ.

2. ಜಿಲ್ಲೆಯಲ್ಲಿ ಲಿಥಿಯಂ

ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲವಿರುವುದಾಗಿ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅನ್ವೇಷಣೆಯನ್ನು ಆಧರಿಸಿ 2021ರಲ್ಲಿ ಪ್ರಕಟಿಸಲಾಯಿತು. ಇದು ಅಂದಾಜು ಪ್ರಮಾಣವಾಗಿದ್ದು, ಸಾಧನಗಳ ಲಭ್ಯತೆಗೂ ಇದಕ್ಕೂ ನೇರ ಸಂಬಂಧವಿರುವುದಿಲ್ಲ.

3. ಸಾಧನ ಪಡೆಯುವ ಕ್ರಮ

ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ (1981ರಿಂದ) ಅರ್ಹರಿಗೆ ಶ್ರವಣ ಸಾಧನಗಳನ್ನು ಒದಗಿಸಲಾಗುತ್ತದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಪ್ರಮಾಣ ಪತ್ರ ಹಾಗೂ ಆದಾಯ ಪ್ರಮಾಣ ಪತ್ರ ಅಗತ್ಯ. ಶ್ರವಣ ಪರೀಕ್ಷೆಯ ಸೌಲಭ್ಯವು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದೆ. ಮಂಡ್ಯ ಮತ್ತು ಮದ್ದೂರಿನವರು ರೈಲಿನಲ್ಲಿಯೂ, ಮಳವಳ್ಳಿಯವರು ರಸ್ತೆ ಮಾರ್ಗವಾಗಿಯೂ ಮೈಸೂರನ್ನು ತಲುಪಬಹುದು. ಹೆಚ್ಚಿನ ಮಾಹಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸುವುದು.

4. ಸಾಧನ ಪಡೆಯುವಾಗ ವಿಚಾರಿಸಬೇಕಾದ ಅಂಶಗಳು

* ಬ್ಯಾಟರಿಯ ಅಳತೆ, ಬೆಲೆ ಮತ್ತು ಅದು ಊರಿನ ಸಮೀಪ ದೊರೆಯುವುದೇ?
* ಚಾರ್ಜ್ ಮಾಡುವ ಬ್ಯಾಟರಿಯನ್ನು ಬದಲಿಸುವವರು ಯಾರು? ವೆಚ್ಚವೆಷ್ಟು?
* ರಾತ್ರಿ ವಿದ್ಯುತ್ ಕಡಿತವಾಗುವ ಗ್ರಾಮಗಳವರಿಗೆ ಬದಲಿ ವ್ಯವಸ್ಥೆ ಏನು?

ಬೆರಳುಗಳಲ್ಲಿ ಹಿಡಿತವಿಲ್ಲದ ವೃದ್ಧರಿಗೆ ಚಾರ್ಜ್ ಮಾಡುವ ವಿಧವು ಅನುಕೂಲಕರ.

5. ಎಚ್ಚರಿಕೆ

ಗುಂಡಿ ಬ್ಯಾಟರಿಗಳನ್ನು ಮಕ್ಕಳ ಕೈಗೆ ಸಿಗದಂತೆ ಇರಿಸತಕ್ಕದ್ದು. ಮಗು ನುಂಗಿದ ಸಂದೇಹವಿದ್ದಲ್ಲಿ, ಯಾವುದೇ ಲಕ್ಷಣ ಕಾಣದಿದ್ದರೂ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಮನೆಯ ಕಸದೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ನೀಡತಕ್ಕದ್ದು.