ಅರಸರ ಕೆರೆ, ಊರಿನ ನೀರು

ಚಿತ್ರದುರ್ಗದ ಬೆಟ್ಟಗಳ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಕಿರುಶಾಸನವಿದೆ. ನಾಲ್ಕನೆಯ ಶತಮಾನದ ಈ ಬರಹ ಒಂದು ಕೆರೆಯ ಕೆಲಸವನ್ನು ದಾಖಲಿಸುತ್ತದೆ. ಮುಂದಿನ ಶತಮಾನದಲ್ಲಿ ಕಾಕುಸ್ಥವರ್ಮನು ತಾಳಗುಂದದ ಶಿವಾಲಯದ ಬಳಿ ದೊಡ್ಡ ಕೆರೆ ತೋಡಿಸಿದ. ಅದನ್ನು ಹೇಳುವ ಸ್ತಂಭಶಾಸನವೇ ಕದಂಬರ ವಂಶಚರಿತ್ರೆಗೂ ಮುಖ್ಯ ಆಧಾರ. ಕನ್ನಡ ನಾಡಿನ ಮೊದಲ ರಾಜವಂಶದ ಕಥೆ ಉಳಿದು ಬಂದದ್ದು ಒಂದು ಕೆರೆಯ ನೆಪದಲ್ಲಿ ಎನ್ನಬಹುದು. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕಂತೂ ಕೆರೆಯಿಂದಲೇ ಹೆಸರು.

ಬಯಲುಸೀಮೆಯಲ್ಲಿ ಮಳೆ ಬರುವುದು ವರ್ಷದ ಕೆಲವೇ ತಿಂಗಳು. ಹರಿದುಹೋಗುವ ನೀರನ್ನು ಇಳಿಜಾರಿನಲ್ಲೇ ತಡೆಯದಿದ್ದರೆ ಬೇಸಾಯವಿಲ್ಲ, ಬಾವಿಗೂ ಒರತೆಯಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ನೀರು ಬಿಡಲು ತೂಬು, ಹೆಚ್ಚಾದದ್ದು ಹೊರಹೋಗಲು ಕೋಡಿ: ಕೆರೆಯ ರಚನೆ ಇಷ್ಟೇ. ಆದರೆ ಎಲ್ಲಿ ಕಟ್ಟಬೇಕು ಎಂಬುದು ಸಣ್ಣ ವಿಷಯವಾಗಿರಲಿಲ್ಲ.

ಅದಕ್ಕೆ ದೊರೆತಿರುವ ಅತ್ಯುತ್ತಮ ಸಾಕ್ಷಿ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು 1369ರಲ್ಲಿ ಹಾಕಿಸಿದ ಈ ಸಂಸ್ಕೃತ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಧರ್ಮವಂತನಾದ ಅರಸನ ಜೊತೆಗೇ ಜಲಶಾಸ್ತ್ರ ಬಲ್ಲವನು, ಗಟ್ಟಿ ಜೇಡಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಉದ್ದನೆಯ ಕಲ್ಲು ಸಿಗುವ ಗಣಿ, ಪಳಗಿದ ಕೆಲಸಗಾರರು ಬೇಕು. ದೋಷಗಳ ಪಟ್ಟಿ ಇನ್ನೂ ಸೂಕ್ಷ್ಮವಾದದ್ದು. ಏರಿ ಜಿನುಗಬಾರದು, ಮಣ್ಣು ಚೌಳಾಗಿರಬಾರದು, ಅಂಗಳದ ನಡುವೆ ದಿಬ್ಬವಿರಬಾರದು. ನೀರು ಕಡಿಮೆಯಿದ್ದು ನೆಲ ಹೆಚ್ಚಿದ್ದರೂ ತಪ್ಪು, ನೆಲ ಕಡಿಮೆಯಿದ್ದು ನೀರು ಹೆಚ್ಚಿದ್ದರೂ ತಪ್ಪು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷವೇ. ನೀರಿನ ಜಗಳ ಕಂಡವರು ಬರೆದ ಮಾತಿದು. ಪೋರುಮಾಮಿಳ್ಳದ ಕೆರೆಗೆ ದಿನಕ್ಕೆ ಸಾವಿರ ಆಳು, ನೂರು ಬಂಡಿಯಂತೆ ಎರಡು ವರ್ಷ ದುಡಿದರು.

ಆ ದುಡಿಮೆಯ ಇನ್ನೊಂದು ಮುಖವನ್ನೂ ಮರೆಯಬಾರದು. ಕೃಷ್ಣದೇವರಾಯ ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರನ್ನು ಕಂಡೆನೆಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಮನುಷ್ಯರನ್ನು ಬಲಿ ಕೊಟ್ಟರೆಂದೂ ಅವನೇ ಹೇಳುತ್ತಾನೆ. ಅದೇ ಕೆರೆಯ ಬಗ್ಗೆ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವುದು ಬೇರೆ ಸಂಗತಿ: ನೆಲ ಹಸನಾಗಲೆಂದು ಒಂಬತ್ತು ವರ್ಷ ರೈತರಿಂದ ಕಂದಾಯ ಪಡೆಯಲಿಲ್ಲ.

ಹೀಗೆ ಕಂದಾಯ ಬಿಟ್ಟುಕೊಡುವುದೇ ಅರಸೊತ್ತಿಗೆಯ ನಿಜವಾದ ಕೊಡುಗೆ. ಹೆಚ್ಚಿನ ಕೆರೆಗಳನ್ನು ಕಟ್ಟಿಸಿದವರು ಗೌಡರು, ದಂಡನಾಯಕರು, ವರ್ತಕರು, ದೇವಾಲಯದವರು. ಕಟ್ಟುವುದು ಒಮ್ಮೆ, ಕಾಯುವುದು ಪ್ರತಿವರ್ಷ. ಮಳೆ ತಂದ ಹೂಳು ತುಂಬುತ್ತದೆ, ತೂಬು ಸಡಿಲಾಗುತ್ತದೆ. ಈ ನಿತ್ಯದ ಖರ್ಚಿಗೆ ಶಾಸನಗಳಲ್ಲಿ ದಾರಿ ಮಾಡಲಾಗಿದೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ಕೆರೆಯ ಪಾಲನೆಗೆ ಬಿಟ್ಟದ್ದು ಬಿತ್ತುವಟ್ಟ. ಕಟ್ಟಿದವರಿಗೆ, ಒಡೆದದ್ದನ್ನು ದುರಸ್ತಿ ಮಾಡಿಸಿದವರಿಗೆ ತೆರಿಗೆ ಬಿಟ್ಟೋ ಇಳಿಸಿಯೋ ಕೊಟ್ಟ ಭೂಮಿ ದಸವಂದ, ಕಟ್ಟುಕೊಡಗೆ. ಹೂಳೆತ್ತುವ ಬಂಡಿಗಳಿಗೆಂದೇ ಭೂಮಿ ಬಿಟ್ಟ ಶಾಸನಗಳೂ ಇವೆ. ಯುದ್ಧದ ಪ್ರಶಸ್ತಿಗಿಂತ ಈ ಬಂಡಿಯ ಲೆಕ್ಕವೇ ಆಡಳಿತದ ಕಾಳಜಿಯನ್ನು ಚೆನ್ನಾಗಿ ತೋರಿಸುತ್ತದೆ. ಬೇಸಗೆಯಲ್ಲಿ ಎತ್ತಿದ ಗೋಡುಮಣ್ಣು ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಮೇಲಿನಿಂದ ಕೊಚ್ಚಿಬಂದ ಮಣ್ಣು ಊರಿನಲ್ಲೇ ಉಳಿಯುತ್ತಿತ್ತು. ಗದ್ದೆಗದ್ದೆಗೆ ನೀರು ಹಂಚುವ ಹೊಣೆ ನೀರುಗಂಟಿಯದು, ಅವನ ಕೂಲಿ ಸುಗ್ಗಿಯ ಧಾನ್ಯದಲ್ಲಿ.

ಮೈಸೂರು ಸಂಸ್ಥಾನದ ಹೊತ್ತಿಗೆ ಈ ಜಾಲ ಎಷ್ಟು ದಟ್ಟವಾಗಿತ್ತೆಂದರೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದ. ಒಂದರ ಕೋಡಿ ಇನ್ನೊಂದನ್ನು ತುಂಬಿಸುವ ಸರಣಿಗಳವು. ಆದ್ದರಿಂದ ಮೇಲಿನ ಏರಿ ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುವ ಭಯವಿತ್ತು. ಆ ಶತಮಾನದಲ್ಲಿ ಕೆರೆಗಳು ಸರ್ಕಾರಿ ಇಲಾಖೆಯ ಕೈಗೆ ಬಂದವು. ಊರಿನವರು ತಮ್ಮದೆಂದು ಮಾಡುತ್ತಿದ್ದ ಕೆಲಸ ಅರ್ಜಿ ಮತ್ತು ಮಂಜೂರಾತಿಗಾಗಿ ಕಾಯತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1911ರಲ್ಲಿ, ಕೆರೆ ಪಂಚಾಯಿತಿಗಳ ಕಾನೂನು ಹೊರಟಿತು. ಬಿತ್ತುವಟ್ಟದ ಕಾಲದಲ್ಲಿ ಭೂಮಿ ಬಿಟ್ಟು ನಡೆಸಿದ್ದ ಕೆರೆಯ ಆರೈಕೆಯನ್ನು ಆಗ ಕಾನೂನಿನ ಮೂಲಕ ಊರಿಗೆ ಮರಳಿ ವಹಿಸಬೇಕಾಯಿತು.