ಫೇರೋಗಳ ಪ್ರಚಾರಕಲೆ

ಆತ್ಮಪ್ರಚಾರದಲ್ಲಿ ಈಜಿಪ್ಟಿನ ಫೇರೋಗಳನ್ನು ಮೀರಿಸಿದವರು ವಿರಳ. ಕ್ರಿ.ಪೂ. ಸುಮಾರು 1274ರ ಕಾದೇಶ್ ಕದನದಲ್ಲಿ ಹಿಟ್ಟೈಟರೆದುರು ನಿರ್ಣಾಯಕ ಜಯ ದೊರೆಯದಿದ್ದರೂ, ಎರಡನೆಯ ರಾಮ್ಸೆಸನು ಅದನ್ನು ಮಹಾವಿಜಯವೆಂದೇ ಅಬು ಸಿಂಬೆಲ್, ಲಕ್ಸರ್ ದೇವಾಲಯಗಳ ಗೋಡೆಗಳಲ್ಲಿ ಕೆತ್ತಿಸಿದನು.

2023ರ ಅಕ್ಟೋಬರಿನಲ್ಲಿ ಹೊರಬಂದ ‘ಟೋಟಲ್ ವಾರ್: ಫೇರೋ’ ಎಂಬ ಯುದ್ಧತಂತ್ರದ ಕಂಪ್ಯೂಟರ್ ಆಟಕ್ಕೆ ಆ ಕಲೆ ಒಲಿಯಲಿಲ್ಲ. ಅದರ ವಸ್ತು ಕಂಚಿನ ಯುಗದ ಪತನ: ಹಿಟ್ಟೈಟ್ ಸಾಮ್ರಾಜ್ಯ ಅಳಿದು, ಉಗಾರಿಟ್ ನಗರ ಉರಿದು, ಸಮುದ್ರಜನರ ದಾಳಿಗೆ ಈಜಿಪ್ಟೇ ನಡುಗಿದ ಕಾಲ. ಹೆಸರು ಮಾತ್ರ ಫೇರೋನಲ್ಲಿಗೇ ನಿಂತಿತು. ಮೇ ತಿಂಗಳಲ್ಲಿ ಘೋಷಿಸಿ ಐದೇ ತಿಂಗಳಲ್ಲಿ ಮಾರಾಟಕ್ಕಿಟ್ಟರು. ಭೂಪಟದಲ್ಲಿ ಬ್ಯಾಬಿಲೋನ್ ಇಲ್ಲ. ಬೆಲೆ ಮಾತ್ರ ಪೂರ್ಣ. ಡಿಸೆಂಬರಿನಲ್ಲಿ ಬೆಲೆಯಿಳಿಸಿ, ಮೊದಲೇ ಕೊಂಡವರಿಗೆ ಭಾಗಶಃ ಹಣ ಮರಳಿಸಬೇಕಾಯಿತು. 2024ರ ಜುಲೈನಲ್ಲಿ ಬ್ಯಾಬಿಲೋನ್, ಅಸ್ಸೀರಿಯಗಳು ಉಚಿತವಾಗಿ ಸೇರಿದವು.

ರಾಮ್ಸೆಸನು ಇಲ್ಲದ ಜಯವನ್ನು ಸಾರಿದನು. ಇವರು ಇದ್ದ ಕಥೆಯನ್ನೇ ಸರಿಯಾಗಿ ಸಾರಲಿಲ್ಲ. ಸಾರದ ಇತಿಹಾಸ ಜನಮನವನ್ನು ಮುಟ್ಟುವುದಿಲ್ಲ.